ಧಕ್ಕಾಶಾಸ್ತ್ರ ಪ್ರವೇಶಿಕೆ

ಭರತಮುನಿ ಎಣಿಸಿದ ರಸಗಳು ಎಂಟು. ಒಂಬತ್ತನೆಯದಾದ ಶಾಂತಕ್ಕಾಗಿ ಅಭಿನವಗುಪ್ತ ಪಟ್ಟು ಹಿಡಿದು ವಾದಿಸಿದ. ‘ಭಾವನೆಗೆ ಧಕ್ಕೆ’ಯನ್ನು ಹತ್ತನೆಯದಾಗಿ ಸ್ಥಾಪಿಸುವುದೇ ಪ್ರಸ್ತುತ ಗ್ರಂಥದ ಪ್ರಯೋಜನ. (ಭಕ್ತಿ, ವಾತ್ಸಲ್ಯಗಳು ಮೊದಲೇ ಸರದಿಯಲ್ಲಿ ನಿಂತಿವೆಯೆಂಬ ತಕರಾರು ಉಂಟು, ಅವು ಕಾಯಲಿ.)

ಲಕ್ಷಣ. ಈ ರಸಕ್ಕೆ ಪುಸ್ತಕವೇ ಆಲಂಬನ ವಿಭಾವ. ಅದನ್ನು ಓದಿದರೆ ರಸಭಂಗ. ಯಾರೋ ಕಳಿಸಿದ ಅರ್ಧ ಪುಟದ ಫೋಟೊ ಉದ್ದೀಪನ. ಪ್ರತಿಕೃತಿ ದಹನ, ಮನವಿಪತ್ರ, ಠಾಣೆಯ ದೂರು ಇವು ಅನುಭಾವಗಳು. ಮೂವತ್ತಮೂರು ಸಂಚಾರಿಭಾವಗಳೂ ಸಂಜೆಯ ಟೀವಿ ಚರ್ಚೆಯಲ್ಲಿ ಒಟ್ಟಿಗೇ ಕೂಗಾಡುತ್ತವೆ.

ಇತಿಹಾಸ. ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲೇ ಮೊತ್ತಮೊದಲ ನಾಟಕಕ್ಕೆ ಮೊತ್ತಮೊದಲ ಗಲಾಟೆ. ಇಂದ್ರಧ್ವಜದ ಉತ್ಸವದಲ್ಲಿ ದೈತ್ಯರ ಸೋಲನ್ನು ಆಡಿ ತೋರಿಸಿದರು. ದೈತ್ಯರು ಕೆರಳಿ, ವಿಘ್ನಗಳನ್ನು ಕೂಡಿಕೊಂಡು, ನಟರ ಮಾತು, ನಡೆ, ನೆನಪುಗಳನ್ನು ಕಟ್ಟಿಹಾಕಿದರು. ಇಂದ್ರ ಧ್ವಜದ ಕೋಲು ಕಿತ್ತು ಬಡಿದ. ಆಮೇಲೆ ನಾಟ್ಯಗೃಹ ಎದ್ದಿತು, ಮೂಲೆಮೂಲೆಗೂ ದೇವತೆಗಳ ಬಂದೋಬಸ್ತು. ಕಡೆಗೆ ಬ್ರಹ್ಮನೇ ಶಾಂತಿಸಭೆ ಕರೆದು, ನಾಟ್ಯವೆಂದರೆ ಮೂರು ಲೋಕಕ್ಕೂ ಸೇರಿದ್ದು ಎಂದು ಸಮಾಧಾನ ಹೇಳಿದ. ಇಷ್ಟಾಗಿ ಮುಂದೆ ಆಡಿದ್ದೇನು? ಅಮೃತಮಂಥನ, ತ್ರಿಪುರದಾಹ. ಎರಡರಲ್ಲೂ ಕೆಟ್ಟವರು ದೈತ್ಯರೇ.

ಈಗ ಕೊನೆಯ ಅಧ್ಯಾಯ. ಭರತನ ಮಕ್ಕಳು ವಿದ್ಯೆಯ ಮದದಲ್ಲಿ ಋಷಿಗಳನ್ನೇ ಅಣಕಿಸಿದರು. ಸಭೆಯಿಲ್ಲ, ಸಮಾಧಾನವಿಲ್ಲ, ನೇರ ಶಾಪ. ದೇವತೆಗಳು ಬೇಡಿಕೊಂಡ ಮೇಲೆ ನಾಟ್ಯವೇನೋ ಉಳಿಯಿತು. ನಟರ ತಲೆಯ ಮೇಲಿನ ಶಾಪವೂ ಉಳಿಯಿತು.

ಸಿದ್ಧಾಂತ. ಧಕ್ಕೆಯನ್ನು ಅಳೆಯಬೇಕಾದ್ದು ಆಡಿದ ಮಾತಿನ ಒರಟುತನದಿಂದಲ್ಲ, ನೊಂದವರು ಕೂತ ಪೀಠದ ಎತ್ತರದಿಂದ.

ಆಧುನಿಕ ಪ್ರಮಾಣ. ಬ್ರಿಟಿಷರು 1927ರಲ್ಲಿ ದಂಡಸಂಹಿತೆಗೆ ಧಾರ್ಮಿಕ ಭಾವನೆಯ ಧಕ್ಕೆಗೆಂದೇ 295ಎ ಕಲಮು ಸೇರಿಸುವಾಗ, ಬೇಕೆಂದೇ, ಕೆಟ್ಟ ಉದ್ದೇಶದಿಂದ ಆಡಿರಬೇಕು ಎಂಬ ಷರತ್ತು ಹಾಕಿದರು. ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯಸಂಹಿತೆಯ 299ನೇ ಕಲಮಿನಲ್ಲೂ ಆ ಷರತ್ತು ಇದೆ. ದೂರು ಬರೆಯುವವರು ಅದನ್ನು ಪಾಠಾಂತರವೆಂದು ತಳ್ಳಿಹಾಕುತ್ತಾರೆ. ಪಿ.ವಿ. ನಾರಾಯಣರ ‘ಧರ್ಮಕಾರಣ’ ಕಾದಂಬರಿಗೆ ಸರ್ಕಾರದ ಸಾಹಿತ್ಯ ಅಕಾಡೆಮಿಯ ಬಹುಮಾನವೂ ಬಂತು, ಸರ್ಕಾರದ ಮುಟ್ಟುಗೋಲೂ ಬಂತು. 2007ರಲ್ಲಿ ಸುಪ್ರೀಂ ಕೋರ್ಟು ಮುಟ್ಟುಗೋಲನ್ನೇ ಎತ್ತಿಹಿಡಿಯಿತು. ಹೀಗೆ ಒಂದೇ ಕೃತಿ ಎರಡು ಇಲಾಖೆಗಳ ಗಮನ ಸೆಳೆಯುವುದು ಕನ್ನಡದಲ್ಲಿ ಅಪರೂಪದ ಭಾಗ್ಯ.

ಪೂರ್ವಪಕ್ಷ. ಹಾಗಾದರೆ ನಿಜಕ್ಕೂ ನೊಂದವರು ಯಾರೂ ಇಲ್ಲವೆ? ಇದ್ದಾರೆ. ಜಾತಿಯ ಹೆಸರನ್ನೇ ಬೈಗುಳವಾಗಿ ಕೇಳುತ್ತ, ಗಾದೆಗಳಲ್ಲಿ ತಲೆಮಾರುಗಟ್ಟಲೆ ಹೀನಾಯ ಮಾಡಿಸಿಕೊಂಡು ಬಂದವರು. ಅವರ ನೋವು ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ಅವರು ಮುನಿಸಿಕೊಂಡರೆ ಹಾಸ್ಯಪ್ರಜ್ಞೆ ಸಾಲದು ಎಂಬುದರಲ್ಲಿ ವ್ಯಾಖ್ಯಾನಕಾರರೆಲ್ಲರದೂ ಒಮ್ಮತ.