ಬಣ್ಣ ಹೋಯಿತು, ಮರ್ಯಾದೆಯೂ ಹೋಯಿತು

ಊರಲ್ಲಿ ಕೂತು ಬೆಂಗಳೂರಿನ ಕೆಲಸ ಮಾಡುವವನಿಗೆ ಇಬ್ಬರು ಮೇಲಧಿಕಾರಿಗಳು. ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಜಗಲಿಯಲ್ಲಿ. ಬೆಂಗಳೂರಿನವರಿಗೆ ಫೈಲು ಸಿಕ್ಕಿದರೆ ಸಾಕು. ಜಗಲಿಯವರಿಗೆ, ಅಂದರೆ ನಮ್ಮ ದೊಡ್ಡಪ್ಪನಿಗೆ, ನಾನು ದುಡಿಯುವುದು ಕಣ್ಣಿಗೆ ಕಾಣಬೇಕು.

ಮೊದಲು ಕಾಣುತ್ತಿತ್ತು. ನನ್ನ ಕೆಲಸ ಚಿಪ್ ಲೇಔಟ್, ಅಂದರೆ ಚಿಪ್ಪಿನ ನಕ್ಷೆ ಬಿಡಿಸುವುದು; ನೋಡಲು ಬಲು ಚಂದ. ಪಾಲಿಸಿಲಿಕಾನ್ ಕೆಂಪು, ಮೆಟಲ್ ನೀಲಿ, ಒಂದೊಂದು ಲೇಯರಿಗೆ ಒಂದೊಂದು ಬಣ್ಣ. ಮೌಸ್ ಹಿಡಿದು ಒಂದು ಆಯತವನ್ನು ಎಳೆದು, ಇನ್ನೊಂದನ್ನು ನೂಕಿ ಕೂತರೆ, ವಾಮದಪದವು ಪೇಟೆಯಲ್ಲಿ ಬಸ್ಸಿಳಿದು ಬಂದ ನೆಂಟರನ್ನೆಲ್ಲ ದೊಡ್ಡಪ್ಪ ನನ್ನ ಬೆನ್ನ ಹಿಂದೆ ತಂದು ನಿಲ್ಲಿಸುತ್ತಿದ್ದರು.

ಆಮೇಲೆ ನನಗೆ ಸೋಮಾರಿತನದ ಜ್ಞಾನೋದಯವಾಯಿತು. ಚಿಪ್ ತಯಾರಿಸುವ ಫೌಂಡ್ರಿಗೆ ಹೋಗುವ ಜಿಡಿಎಸ್ ಎಂಬ ಲೇಔಟ್ ಫೈಲು 1978ರಲ್ಲಿ ಕ್ಯಾಲ್ಮಾ ಕಂಪೆನಿ ತಂದ ನಮೂನೆ. ಅದಕ್ಕೆ ಬಣ್ಣದ ಹಂಗೇ ಇಲ್ಲ. ಲೇಯರ್ ಎಂದರೆ ಒಂದು ಜೋಡಿ ಅಂಕಿ. 2020ರಲ್ಲಿ ಸ್ಕೈವಾಟರ್ ಮತ್ತು ಗೂಗಲ್ ಎಲ್ಲರಿಗೂ ತೆರೆದಿಟ್ಟ 130 ನ್ಯಾನೊಮೀಟರ್ ಚಿಪ್ ವಿನ್ಯಾಸದ ಕಿಟ್‌ನಲ್ಲಿ ಮೊದಲ ಮೆಟಲ್ ಎಂದರೆ 68/20, ಅಷ್ಟೆ. ಹಾಗಿದ್ದ ಮೇಲೆ ಮೌಸ್ ಯಾಕೆ? ಪ್ರತಿ ಸೆಲ್ಲಿಗೂ ಹೊಕ್ಕು ಈ ಲೇಯರಿನದನ್ನು ಆ ಲೇಯರಿಗೆ ಸಾಗಿಸು, ಹಳೇ ಲೇಬಲ್ ಅಳಿಸು, ಹೊಸ ಹೆಸರಲ್ಲಿ ಉಳಿಸು ಎಂದು ಪೈಥಾನಿನಲ್ಲಿ ಬರೆದಿಟ್ಟೆ. ಟರ್ಮಿನಲ್ಲಿನಲ್ಲಿ ಕೆಲೇಔಟ್ ಎಂಬ ಲೇಔಟ್ ತಂತ್ರಾಂಶವನ್ನು ಕರೆದು ‘ಕೆಲೇಔಟ್ ಮೈನಸ್ ಬಿ, ಮೈನಸ್ ಆರ್’ ಎಂದು ಕುಟ್ಟಿ ಸ್ಕ್ರಿಪ್ಟಿನ ಹೆಸರು ಕೊಟ್ಟರೆ, ಕಿಟಕಿಯನ್ನೇ ತೆರೆಯದೆ ಕೆಲಸ ಮುಗಿಯುತ್ತದೆ. ಹೊರಗೊಂದು ಲೂಪ್ ಸುತ್ತಿದರೆ ಇಡೀ ಫೋಲ್ಡರು ಚಾ ಆರುವುದರೊಳಗೆ ತಯಾರು.

ದೊಡ್ಡಪ್ಪ ಬಂದು ಕಪ್ಪು ಪರದೆ ನೋಡಿದರು.

“ಎಂತ ಮಾರಾಯ, ಕರೆಂಟು ಹೋಯಿತಾ?”

“ಇಲ್ಲ ದೊಡ್ಡಪ್ಪ, ಕೆಲಸ ಆಗ್ತಾ ಉಂಟು.”

“ನೀನು ಚಾ ಕುಡೀತಾ ಇದ್ದೀಯಲ್ಲ?”

ಅವರ ನ್ಯಾಯ ನನಗೆ ಹೊಸತಲ್ಲ. ಅಡಿಕೆಗೆ ಮದ್ದು ಬಿಡಲು ಫೈಬರ್ ದೋಟಿ ಬಂದ ವರ್ಷ, ನೆಲದಲ್ಲೇ ನಿಂತವನಿಗೆ ಮರ ಹತ್ತುವವನ ಸಂಬಳ ಯಾಕೆ ಎಂದು ದಿನವಿಡೀ ಗೊಣಗಿದವರು. ಆ ಮಳೆಗಾಲ ಕೊಳೆರೋಗ ಬಾರದಿದ್ದುದು ಅವರ ಲೆಕ್ಕಕ್ಕೆ ಹಿಡಿಯಲೇ ಇಲ್ಲ.

ಹಿಂದೆ ಚಿಪ್ಪಿನ ಲೋಕವೂ ದೊಡ್ಡಪ್ಪ ಒಪ್ಪುವಂತೆಯೇ ಇತ್ತು. 1971ರ ಇಂಟೆಲ್ 4004 ಚಿಪ್ಪಿನ ಕಾಲದಲ್ಲಿ ರೂಬಿಲಿತ್ ಎಂಬ ಕೆಂಪು ಹಾಳೆಯನ್ನು ಮೇಜಿನ ಮೇಲೆ ಹಾಸಿ, ಗೆರೆ ಗೆರೆಯಾಗಿ ಕೊರೆದು ಸುಲಿಯುತ್ತಿದ್ದರು. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಉಪಗ್ರಹ ಸಂಪರ್ಕದ ಸಾಮಗ್ರಿಯಂತೂ ಎತ್ತಿನಗಾಡಿಯಲ್ಲಿ ಬಂದಿತ್ತು. ಎತ್ತು, ಗಾಡಿ, ಬೆವರು! ಕೆಲಸ ಎಂದರೆ ಅದಲ್ಲವೇ?

ಬೆಂಗಳೂರಿನವರಾದರೂ ಬೇರೆ ಎಂದುಕೊಂಡಿದ್ದೆ. ಎರಡು ದಿನ ಬೇಕೆಂದಿದ್ದ ಕೆಲಸವನ್ನು ಊಟದ ಮೊದಲೇ ಕಳಿಸಿದ್ದಕ್ಕೆ “ಇಷ್ಟು ಬೇಗ? ಸರಿಯಾಗಿ ನೋಡಿದ್ದೀರಾ?” ಎಂದು ಉತ್ತರ ಬಂತು. ಈಗ ಮುಗಿದ ಫೈಲನ್ನು ಮರುದಿನ ಸಂಜೆವರೆಗೆ ಇಟ್ಟುಕೊಂಡು ಕಳಿಸುತ್ತೇನೆ. ಮೆಚ್ಚುಗೆಗೆ ಕಡಿಮೆಯಿಲ್ಲ.

ಮನೆಯ ಮಟ್ಟಿಗೂ ಒಂದು ಉಪಾಯ ಹೂಡಿದೆ. ಸ್ಕ್ರಿಪ್ಟಿಗೆ ಒಂದು ಪ್ರಿಂಟ್ ಸಾಲು ಸೇರಿಸಿ, ಮುಟ್ಟಿದ ಪ್ರತಿ ಸೆಲ್ಲಿನ ಹೆಸರು ಹಸಿರಕ್ಷರದಲ್ಲಿ ಸರಸರನೆ ಹರಿಯುವಂತೆ ಮಾಡಿದೆ. ಇದರಿಂದ ಕೆಲಸ ತುಸು ನಿಧಾನವಾಯಿತು, ಬೇರೇನೂ ಉಪಯೋಗವಿಲ್ಲ. ಮೊನ್ನೆ ದೊಡ್ಡಪ್ಪ ಕಣ್ಣು ಮಿಟುಕಿಸದೆ ಅದನ್ನೇ ನೋಡಿ, ಅಡುಗೆಮನೆಯ ಕಡೆ ತಿರುಗಿ ಕೂಗಿದರು:

“ಇವನಿಗೆ ಇನ್ನೊಂದು ಚಾ ತನ್ನಿ. ಪಾಪ, ಇವತ್ತು ಭಾರೀ ಕೆಲಸ ಉಂಟು!”