ಹನ್ನೆರಡರಲ್ಲಿ ನಾಲ್ಕು

ಕಸದಿಂದ ಹೈಡ್ರೋಜನ್ ಬರುತ್ತದೆ ಎಂದರೆ ಸಾಕು, ನಮ್ಮ ಪುಢಾರಿಗಳಿಗೆ ಮೈಯೆಲ್ಲ ಪುಳಕ. ಹಸಿರು ಹೈಡ್ರೋಜನ್ ಮಿಷನ್ನಿಗೆಂದು ಕೇಂದ್ರ ಸಂಪುಟ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿ ಎತ್ತಿಟ್ಟಿದೆ. ಇನ್ನು ಬೆಂಗಳೂರಿನಲ್ಲಿ ಕಸ ಗುಡ್ಡೆ ಬೀಳುವ ಪ್ರತಿ ಬ್ಲಾಕ್ ಸ್ಪಾಟೂ ಅವರ ಕಣ್ಣಿಗೆ ತೈಲಬಾವಿಯಂತೆ ಕಂಡರೆ ತಪ್ಪೇನಿಲ್ಲ.

ವಿಜ್ಞಾನವೇನೋ ಸುಳ್ಳಲ್ಲ. ಗಾಳಿಯಾಡದ ಟ್ಯಾಂಕಿಗೆ ಹಳಸಿದ ಅನ್ನ, ಕೊಳೆತ ಹಣ್ಣು ಸುರಿದರೆ ಕ್ಲಾಸ್ಟ್ರಿಡಿಯಮ್ ಎಂಬ ಬ್ಯಾಕ್ಟೀರಿಯಾ ಸಕ್ಕರೆ ಒಡೆದು ಹೈಡ್ರೋಜನ್ ಬಿಡುತ್ತದೆ. ಬೆಳಕೇ ಬೇಡದ ಕೆಲಸವಾದ್ದರಿಂದ ಇದಕ್ಕೆ ಡಾರ್ಕ್ ಫರ್ಮೆಂಟೇಶನ್ ಎಂದು ಹೆಸರು. ಕತ್ತಲಲ್ಲಿ ಕೆಲಸ ಮುಗಿಸುವ ಅನುಭವ ನಮ್ಮ ಟೆಂಡರ್ ಕಮಿಟಿಗಳಿಗೂ ಇದೆ.

ಲೆಕ್ಕ ನೋಡಿ. ಒಂದು ಗ್ಲೂಕೋಸ್ ಅಣುವಿನಿಂದ ಕಾಗದದ ಮೇಲೆ 12 ಹೈಡ್ರೋಜನ್ ಅಣು ಬರಬೇಕು. ಬ್ಯಾಕ್ಟೀರಿಯಾ ಕೊಡುವುದು ಹೆಚ್ಚೆಂದರೆ 4. ಬ್ಯುಟಿರಿಕ್ ಆಮ್ಲದ ದಾರಿ ಹಿಡಿದರೆ ಬರೀ 2, ಜೊತೆಗೆ ಕಮಟು ಬೆಣ್ಣೆಯ ವಾಸನೆ ಉಚಿತ. ಆದರೂ ಮೂರರಲ್ಲೊಂದು ಪಾಲು ಜನರಿಗೆ ತಲುಪಿಸುವ ಇಂಥ ಪ್ರಾಮಾಣಿಕ ಕಂಟ್ರಾಕ್ಟರ್ ನಮ್ಮಲ್ಲಿ ಇನ್ಯಾರಿದ್ದಾರೆ?

ಹುಟ್ಟಿದ ಹೈಡ್ರೋಜನ್ನನ್ನೂ ನುಂಗಿ ಮೀಥೇನ್ ಮಾಡಿಬಿಡುವ ಮೆಥನೋಜೆನ್ ಎಂಬ ಸೂಕ್ಷ್ಮಜೀವಿಗಳಿವೆ. ಅವುಗಳ ಕಾಟ ತಪ್ಪಿಸಲು ಟ್ಯಾಂಕಿಗೆ ಹಾಕುವ ರಾಡಿಯನ್ನು ಮೊದಲೇ ಕುದಿಸುತ್ತಾರೆ. ಮೆಥನೋಜೆನ್ ಸಾಯುತ್ತದೆ. ಕ್ಲಾಸ್ಟ್ರಿಡಿಯಮ್ ಮಾತ್ರ ಬೀಜಕವಾಗಿ ಮುದುಡಿ ಕೂತು, ಬಿಸಿ ಆರಿದ ಮೇಲೆ ಎದ್ದು ಕೆಲಸ ಮಾಡುತ್ತದೆ. ಸರ್ಕಾರ ಬದಲಾದಾಗ ಕೆಲವು ಅಧಿಕಾರಿಗಳು ಮಾಡುವುದೂ ಇದನ್ನೇ, ಕೆಲಸದ ಭಾಗ ಒಂದನ್ನು ಬಿಟ್ಟು.

ಇಷ್ಟೆಲ್ಲ ಮಾಡುವ ಈ ಜೀವಿಯ ಬೇಡಿಕೆ ಒಂದೇ: ಹಸಿ ಕಸ ಬೇರೆಯಾಗಿ ಬರಲಿ. ಖರಗ್‌ಪುರದ ಐಐಟಿಯವರು ಈ ವಿದ್ಯೆಯನ್ನು ಬಹುಕಾಲದಿಂದ ಪಳಗಿಸುತ್ತಿದ್ದಾರೆ, ಆದರೆ ಅವರ ಟ್ಯಾಂಕಿಗೆ ಯಾರೂ ಡೈಪರ್ ಎಸೆಯುವುದಿಲ್ಲ. ನಮ್ಮ ಆಟೋ ಟಿಪ್ಪರ್‌ಗೆ ಬೀಳುವುದು ಗಂಟು ಬಿಗಿದ ಪ್ಲಾಸ್ಟಿಕ್ ಕವರು. ಒಳಗೆ ನಿನ್ನೆಯ ಸಾಂಬಾರು, ಡೈಪರ್, ಸತ್ತ ಬ್ಯಾಟರಿ, ಒಡೆದ ಬಲ್ಬು. ಆ ಗಂಟು ಬಿಚ್ಚಬೇಕಾದ್ದು ಪೌರಕಾರ್ಮಿಕ ಹೆಂಗಸಿನ ಬರಿಗೈ.

ಮನೆಯಲ್ಲೇ ಬೇರ್ಪಡಿಸಿ ಎಂದು ಹೈಕೋರ್ಟ್ 2012ರಲ್ಲೇ ಹೇಳಿತ್ತು. ಬೆಂಗಳೂರಿನ ಕಸ ಸುರಿಸಿಕೊಳ್ಳುತ್ತಿದ್ದ ಮಂಡೂರಿನವರು ಬೀದಿಗಿಳಿದ ಮೇಲೆ 2014ರ ಡಿಸೆಂಬರಿನಲ್ಲಿ ಅಲ್ಲಿಗೆ ಲಾರಿ ಹೋಗುವುದು ನಿಂತಿತು. ಕಸ ನಿಲ್ಲಲಿಲ್ಲ, ಬೇರೆ ಊರಿನ ಕ್ವಾರಿ ಹುಡುಕಿಕೊಂಡಿತು.

ಬ್ಯಾಕ್ಟೀರಿಯಾ ತನ್ನ ಪಾಲಿನ 4 ಕೊಡಲು ಯಾವತ್ತೂ ತಯಾರು. ಮನೆಯಲ್ಲಿ ಮೊದಲು ಎರಡು ಬಕೆಟ್ ಇಡಿ ಸ್ವಾಮಿ, ಹೈಡ್ರೋಜನ್ ಬಸ್ಸು ಆಮೇಲೆ ಹತ್ತೋಣ.