ಆರು ಭಾಷಣಕ್ಕೆ ಒಂದೇ ಗುಂಡಿ: ವಿಚಾರ ಸಂಕಿರಣಗಳ ಸಂಘಟನಾ ಸಮಿತಿಗಳಿಗೆ ಬಹಿರಂಗ ಪತ್ರ



ಕಾಲೇಜಿನ ವಿಚಾರ ಸಂಕಿರಣವೆಂದರೆ ಉದ್ಘಾಟಕರು, ಆಶಯ ಭಾಷಣಕಾರರು, ನಾಲ್ವರು ಸಂಪನ್ಮೂಲ ವ್ಯಕ್ತಿಗಳು ಸೇರಿ ಕನಿಷ್ಠ ಆರು ಭಾಷಣ. ವಂದನಾರ್ಪಣೆ ಮುಗಿಯುವ ಮೊದಲೇ ವಾಟ್ಸ್‌ಆ್ಯಪ್ ಗುಂಪಿಗೆ ಗೂಗಲ್ ಫಾರ್ಮ್‌ನ ಲಿಂಕ್ ಬಂದು ಬೀಳುತ್ತದೆ. ಹೆಸರು, ಹುದ್ದೆ, ಸಂಸ್ಥೆ, ಮೊಬೈಲ್, ಇಮೇಲ್ ಇವೆಲ್ಲ ಕಡ್ಡಾಯ. ಆಮೇಲೆ ಒಂದೇ ಪ್ರಶ್ನೆ: ‘ಉಪನ್ಯಾಸಗಳು ಹೇಗಿದ್ದವು?’ ಆಯ್ಕೆಗಳು ಮೂರು: ಉತ್ತಮ, ಅತ್ಯುತ್ತಮ, ಅಮೋಘ. ಆರು ಜನರಿಗೆ ಒಂದೇ ಗುಂಡಿ ಸಾಕೆಂಬ ಈ ಮಿತವ್ಯಯ ಶಾಲು, ಹಾರ, ನೆನಪಿನ ಕಾಣಿಕೆಗಳ ಹೊತ್ತಿನಲ್ಲಿ ಕಾಣುವುದಿಲ್ಲ. ಅವು ಪ್ರತಿಯೊಬ್ಬರಿಗೂ ಬೇರೆ ಬೇರೆಯೇ.

ಅಮೆರಿಕದ ಮನೋವಿಜ್ಞಾನಿ ರೆನ್ಸಿಸ್ ಲೈಕರ್ಟ್ 1932ರಲ್ಲಿ ಪ್ರಕಟಿಸಿದ ಮಾಪಕದಲ್ಲಿ ಒಪ್ಪಿಗೆಗೆ ಎಷ್ಟು ಮನೆಗಳಿದ್ದವೋ ಒಪ್ಪದಿರುವುದಕ್ಕೂ ಅಷ್ಟೇ ಇದ್ದವು. ‘ಕಳಪೆ’ ಎಂಬ ಮನೆಯನ್ನೇ ಕಿತ್ತುಹಾಕಿದ ಸುಧಾರಣೆಯ ಕೀರ್ತಿ ಸಮಿತಿಗಳಿಗೇ ಸೇರಬೇಕು. ಐದಂಕದ ಪೂರ್ಣ ಮಾಪಕ ಕೊಟ್ಟರೂ ತೊಡಕು ತೀರದು. ಬೆಳಗಿನ ಭಾಷಣಕ್ಕೆ ಐದು, ಊಟವಾದ ಮೇಲೆ ಸ್ಲೈಡುಗಳನ್ನೇ ಗಟ್ಟಿಯಾಗಿ ಓದಿದವರಿಗೆ ಒಂದು ಎಂದುಕೊಂಡಿದ್ದ ಸಭಿಕ ಕೊನೆಗೆ ಮೂರನ್ನು ಒತ್ತುತ್ತಾನೆ. ಮೂರಂಕದ ಭಾಷಣವನ್ನು ಅಂದು ಯಾರೂ ಮಾಡಿರುವುದಿಲ್ಲ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ವೇದಿಕೆಗೇ ಬಾರದವರ ಖಾತೆಗೂ ಅದೇ ಮೂರು ಜಮೆಯಾಗುತ್ತದೆ. ಹೋಳಿಗೆ ಊಟ ರುಚಿಯಾಗಿದ್ದರೆ ಅದರ ಪುಣ್ಯವೂ ಭಾಷಣಕಾರರದ್ದೇ. ಆದ್ದರಿಂದ ಊಟಕ್ಕೊಂದು ಪ್ರತ್ಯೇಕ ಸಾಲು ಅತ್ಯಗತ್ಯ.

ಇಷ್ಟಕ್ಕೆ ಆರು ಫಾರ್ಮ್ ಬೇಕಿಲ್ಲ, ಒಂದೇ ಸಾಕು. ಗೂಗಲ್ ಫಾರ್ಮ್‌ನ ಗ್ರಿಡ್ ಪ್ರಶ್ನೆಯಲ್ಲಿ ಅಡ್ಡಸಾಲಿಗೊಬ್ಬ ಭಾಷಣಕಾರರ ಹೆಸರು, ಕಂಬಸಾಲುಗಳಲ್ಲಿ ಅಂಕಗಳು. ‘ಕೇಳಲಿಲ್ಲ’ ಎಂಬ ಕಂಬಸಾಲೂ ಇರಬೇಕು. ಅದಿಲ್ಲದೆ ಎಲ್ಲ ಸಾಲನ್ನೂ ಕಡ್ಡಾಯ ಮಾಡಿದರೆ ಮಧ್ಯಾಹ್ನ ಬಸ್ ಹಿಡಿದವನೂ ಸಮಾರೋಪ ಭಾಷಣಕ್ಕೆ ಅಂಕ ಕೊಟ್ಟೇ ಮನೆ ಸೇರಬೇಕಾಗುತ್ತದೆ. ಗ್ರಿಡ್‌ಗೂ ಒಂದು ಮಿತಿಯುಂಟು. ಮೊಬೈಲ್ ಪರದೆಯಲ್ಲಿ ಅದನ್ನು ಪಕ್ಕಕ್ಕೆ ಸರಿಸುತ್ತಾ ತುಂಬಬೇಕು. ಬೇಸತ್ತವರು ಒಂದೇ ಕಂಬಸಾಲಿನಲ್ಲಿ ಮೇಲಿಂದ ಕೆಳಗೆ ಒತ್ತಿ ಕೈತೊಳೆದುಕೊಳ್ಳುತ್ತಾರೆ.

ಒಬ್ಬೊಬ್ಬರ ಬಗ್ಗೆ ಎರಡು ಮೂರು ಪ್ರಶ್ನೆಗಳಿದ್ದರೆ ಪ್ರತಿ ಭಾಷಣಕ್ಕೂ ಒಂದು ವಿಭಾಗ ಮಾಡುವುದು ಲೇಸು. ಮೊದಲ ವಿಭಾಗ ಸಿದ್ಧಪಡಿಸಿ ಐದು ಸಲ ನಕಲಿಸಿದರೆ ಕೆಲಸ ಮುಗಿಯಿತು. ಸಮಾನಾಂತರ ಗೋಷ್ಠಿಗಳಿದ್ದಾಗ ‘ಯಾವ ಗೋಷ್ಠಿಗಳಿಗೆ ಹಾಜರಿದ್ದಿರಿ?’ ಎಂದು ಕೇಳಿ ಹಲವು ಉತ್ತರಗಳನ್ನು ಗುರುತಿಸಲು ಬಿಟ್ಟರೆ ಕೆಲಸ ಕೆಡುತ್ತದೆ: ಉತ್ತರ ನೋಡಿ ವಿಭಾಗಕ್ಕೆ ಕಳಿಸುವ ಸೌಲಭ್ಯ ಒಂದನ್ನೇ ಆರಿಸುವ ಪ್ರಶ್ನೆಗಳಿಗೆ ಮಾತ್ರ ಇದೆ. ಪ್ರತಿ ಭಾಷಣಕ್ಕೆ ಮೊದಲು ‘ಇದನ್ನು ಕೇಳಿದಿರಾ?’ ಎಂದು ಕೇಳಿ, ‘ಇಲ್ಲ’ ಎಂದವರನ್ನು ಮುಂದಿನ ಭಾಷಣಕ್ಕೆ ದಾಟಿಸಿದರೆ ತಕರಾರಿಲ್ಲ.

ಇನ್ನೂ ಚೊಕ್ಕದೊಂದು ಉಪಾಯವಿದೆ. ಭಾಷಣಕಾರರ ಹೆಸರನ್ನು ಮೊದಲೇ ತುಂಬಿದ ಲಿಂಕ್ ಪಡೆಯುವ ಸೌಲಭ್ಯ ಗೂಗಲ್ ಫಾರ್ಮ್‌ನಲ್ಲೇ ಇದೆ. ಆರು ಲಿಂಕ್, ಆರು ಕ್ಯೂಆರ್ ಕೋಡ್. ಫಾರ್ಮ್ ಒಂದೇ, ಉತ್ತರಗಳು ಸೇರುವ ಶೀಟೂ ಒಂದೇ. ಪ್ರತಿ ಭಾಷಣ ಮುಗಿದೊಡನೆ ಅದರದೇ ಕೋಡನ್ನು ಪರದೆಯ ಮೇಲೆ ತೋರಿಸಿದರೆ ನೆನಪು ಹಸಿಯಾಗಿರುವಾಗಲೇ ಅಭಿಪ್ರಾಯ ದಾಖಲಾಗುತ್ತದೆ. ಒಬ್ಬರಿಗೆ ಒಂದೇ ಉತ್ತರವೆಂಬ ನಿರ್ಬಂಧವನ್ನು ಮಾತ್ರ ತೆಗೆದಿರಬೇಕು. ಇದಕ್ಕೆ ಎರಡು ಭಾಷಣಗಳ ನಡುವೆ ಎರಡು ನಿಮಿಷ ಬೇಕು. ಗಣ್ಯರ ಪರಿಚಯ ಭಾಷಣದಿಂದ ಅಷ್ಟನ್ನು ಕಡಿತಗೊಳಿಸಿದರೆ ಗಣ್ಯರ ಹೊರತು ಯಾರೂ ಆಕ್ಷೇಪಿಸಲಾರರು.

ಪ್ರಶ್ನೆ ಬೇರೆ ಬೇರೆಯಾದ ಮಾತ್ರಕ್ಕೆ ಅಭಿಪ್ರಾಯವೂ ಬೇರೆ ಬೇರೆಯಾಗುತ್ತದೆಂದಲ್ಲ. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರಿಶೀಲಿಸಿದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಇದನ್ನು ತೋರಿಸಿದ: ಒಂದು ಗುಣ ಮೆಚ್ಚಿಗೆಯಾದರೆ ಬುದ್ಧಿ, ಮೈಕಟ್ಟು, ನಾಯಕತ್ವ ಎಲ್ಲಕ್ಕೂ ಅಂಕ ಏರುತ್ತದೆ. ಇದಕ್ಕಿಂತ ಸ್ವಾರಸ್ಯದ್ದು ಡಾ. ಫಾಕ್ಸ್ ಪ್ರಸಂಗ. 1970ರಲ್ಲಿ ಅಮೆರಿಕದಲ್ಲಿ ಮೈಕೆಲ್ ಫಾಕ್ಸ್ ಎಂಬ ನಟನನ್ನು ಡಾ. ಮೈರನ್ ಫಾಕ್ಸ್ ಎಂಬ ತಜ್ಞನ ವೇಷದಲ್ಲಿ ವೇದಿಕೆ ಹತ್ತಿಸಲಾಯಿತು. ವಿಷಯ, ವೈದ್ಯಶಿಕ್ಷಣಕ್ಕೆ ಗಣಿತದ ಗೇಮ್ ಥಿಯರಿಯ ಅನ್ವಯ. ನಟನಿಗೆ ಅದರ ಗಂಧಗಾಳಿ ಇರಲಿಲ್ಲ; ಒಂದಕ್ಕೊಂದು ತಾಳೆಯಾಗದ ವಾಕ್ಯ, ಆಗಲೇ ಹುಟ್ಟಿಸಿದ ಪದ, ನಡುನಡುವೆ ಹಾಸ್ಯ, ಇಷ್ಟೇ ಬಂಡವಾಳ. ಕೇಳಿದವರು ಮನೋವೈದ್ಯರು, ಮನೋವಿಜ್ಞಾನಿಗಳು, ಶಿಕ್ಷಣತಜ್ಞರು. ಅಭಿಪ್ರಾಯ ನಮೂನೆಗಳಲ್ಲಿ ಅವರಲ್ಲಿ ಬಹುಪಾಲು ಜನ ಮೆಚ್ಚುಗೆಯನ್ನೇ ಬರೆದರು. 1973ರಲ್ಲಿ ಪ್ರಯೋಗದ ವರದಿ ಅಚ್ಚಾಯಿತು. ನಮ್ಮ ಸಂಕಿರಣಗಳಲ್ಲಿ ಈ ಪ್ರಯೋಗವನ್ನು ಬೇರೆಯಾಗಿ ಏರ್ಪಡಿಸುವ ಅಗತ್ಯ ಕಾಣುವುದಿಲ್ಲ.

ಆದ್ದರಿಂದ ‘ಭಾಷಣ ಆಕರ್ಷಕವಾಗಿತ್ತೆ?’ ಎಂಬುದರ ಪಕ್ಕದಲ್ಲಿ ‘ಇವರು ಹೇಳಿದ್ದರಲ್ಲಿ ನಿಮಗೆ ಹೊಸದಾದ ಒಂದು ಸಂಗತಿ ಬರೆಯಿರಿ’ ಎಂಬ ಖಾಲಿ ಜಾಗವೂ ಇರಬೇಕು. ಒಬ್ಬರ ಹೆಸರಿನ ಕೆಳಗೆ ಉದ್ದಕ್ಕೂ ‘ತುಂಬಾ ಚೆನ್ನಾಗಿ ಮಾತಾಡಿದರು’ ಎಂದಷ್ಟೇ ಬಂದರೆ ಮುಂದಿನ ವರ್ಷದ ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಸಮಿತಿ ಒಮ್ಮೆ ಸೇರುವುದು ಒಳ್ಳೆಯದು.

ಫಲಿತಾಂಶದ ವಿಲೇವಾರಿಯಲ್ಲೂ ಪ್ರತ್ಯೇಕತೆ ಬೇಕು. ಪೂರ್ತಿ ಶೀಟನ್ನು ಎಲ್ಲರಿಗೂ ಮೇಲ್ ಮಾಡಿದರೆ ಆರು ವಿದ್ವಾಂಸರಲ್ಲಿ ಐವರು ಆ ಕಾಲೇಜಿನ ಕಡೆ ತಲೆಹಾಕಿ ಮಲಗಲಾರರು. ಹೆಸರಿನ ಪ್ರಕಾರ ಶೋಧಿಸಿ ಅವರವರದನ್ನು ಅವರವರಿಗೆ ಕಳಿಸಬೇಕು. ಸದ್ಯದ ಪದ್ಧತಿಯಲ್ಲಿ ಯಾರಿಗೂ ಏನೂ ಹೋಗುವುದಿಲ್ಲ. ಬಣ್ಣದ ಪೈ ಚಾರ್ಟ್ ನೇರವಾಗಿ ನ್ಯಾಕ್ ಕಡತ ಸೇರಿ ಮಾನ್ಯತೆಯ ಮೌಲ್ಯಮಾಪನ ಬರುವವರೆಗೆ ವಿಶ್ರಾಂತಿ ಪಡೆಯುತ್ತದೆ.

ಉಳಿದದ್ದು ಸರ್ಟಿಫಿಕೇಟ್. 2020ರ ಲಾಕ್‌ಡೌನ್ ವೆಬಿನಾರ್‌ಗಳ ಕಾಲದಿಂದ ಫಾರ್ಮ್ ತುಂಬಿದವರಿಗಷ್ಟೇ ಇ-ಸರ್ಟಿಫಿಕೇಟ್ ಎಂಬ ರೂಢಿ ಬಲವಾಗಿದೆ. ಹೆಸರು, ಇಮೇಲ್ ಕೊಟ್ಟು ಅದಕ್ಕಾಗಿ ಕಾಯುತ್ತಿರುವವನು ಅದೇ ಪುಟದಲ್ಲಿ ತನ್ನ ವಿಭಾಗದ ಮುಖ್ಯಸ್ಥರ ಭಾಷಣಕ್ಕೆ ಒಂದಂಕ ಕೊಡುತ್ತಾನೆಂದು ನಿರೀಕ್ಷಿಸುವುದು ಅತಿಯಾಯಿತು. ಅಭಿಪ್ರಾಯಕ್ಕೆ ಹೆಸರಿಲ್ಲದ ಫಾರ್ಮ್ ಇರಲಿ. ಅದನ್ನು ಸಲ್ಲಿಸಿದಾಗ ಕಾಣುವ ಧನ್ಯವಾದದ ಸಂದೇಶದಲ್ಲೇ ಸರ್ಟಿಫಿಕೇಟಿನ ಬೇರೆ ಫಾರ್ಮ್‌ಗೆ ಲಿಂಕ್ ಕೊಡಬಹುದು. ಆ ಎರಡನೆಯ ಫಾರ್ಮ್‌ನಲ್ಲಿ ಹುದ್ದೆ, ಬಿರುದು, ಇನಿಷಿಯಲ್ ಎಲ್ಲವನ್ನೂ ಎಷ್ಟು ಬೇಕಾದರೂ ಕಡ್ಡಾಯ ಮಾಡಿಕೊಳ್ಳಬಹುದು.

ಇತಿ,
ಕೊನೆಯ ಸಾಲಿನ ಸಭಿಕವೃಂದ